ಪೆಟ್ರೋಲು ಪಂಪಿನ ಫಿಟ್ಟಿಂಗುಗಳು: ಮಾರ್ಪಾಟುಗೊಂಡ ಹಳೆಯ ಕಾರುಗಳ ಚರಿತ್ರೆಯಲ್ಲಿ ಒಂದು ವಿವೇಚನೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎಂಜಿನ್ನಿನ ಬಲವನ್ನೂ ವೇಗದ ದಾಖಲೆಗಳನ್ನೂ ತಯಾರಕರ ಹೆಸರುಗಳನ್ನೂ ಆಧಾರವಾಗಿಟ್ಟುಕೊಳ್ಳುವರು. ಒಂದು ಭಾಗವನ್ನು ಇನ್ನೊಂದಕ್ಕೆ ಕೂಡಿಸುವ ಸಣ್ಣ ಸಲಕರಣೆಗಳತ್ತ ಅವರ ಗಮನ ಹರಿಯುವುದು ಅಪೂರ್ವ. ಮೋಟಾರು ಕಾರಿನ ಪೆಟ್ರೋಲು ಪಂಪಿಗೆ ಕೊಳವೆಯನ್ನು ಸೇರಿಸುವ ಫಿಟ್ಟಿಂಗು ಅಂತಹ ಒಂದು ಸಲಕರಣೆ. ಹಳೆಯ ಕಾರನ್ನು ಅದರ ಒಡೆಯನು ಮಾರ್ಪಡಿಸಿದಾಗ ಒಂದು ಕಾಲದ ವಸ್ತು ಇನ್ನೊಂದು ಕಾಲದ ವಸ್ತುವನ್ನು ಸಂಧಿಸುವುದು ಈ ಫಿಟ್ಟಿಂಗಿನಲ್ಲಿಯೇ. ಆದುದರಿಂದ ಇದನ್ನು ಒಂದು ಐತಿಹಾಸಿಕ ಆಧಾರವೆಂದು ಪರಿಗಣಿಸಲು ಸಾಧ್ಯವೆಂಬುದನ್ನು ಅಮೆರಿಕದ ಫೋರ್ಡ್ ಕಾರುಗಳ ನಿದರ್ಶನದಿಂದ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪಂಪೇ ಇಲ್ಲದ ಕಾಲವನ್ನು ನೋಡಬೇಕು. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಮಿಕ್ಕಿ ತಯಾರಾದ ಫೋರ್ಡ್ ‘ಟಿ’ ಮಾದರಿಯ ಬಹುಪಾಲು ಕಾರುಗಳಲ್ಲಿ ಪೆಟ್ರೋಲಿನ ತೊಟ್ಟಿ ಮುಂದಿನ ಆಸನದ ಕೆಳಗಿತ್ತು. ಪೆಟ್ರೋಲು ತನ್ನ ಭಾರದಿಂದಲೇ ಕಾರ್ಬುರೇಟರಿಗೆ ಇಳಿಯುತ್ತಿತ್ತು. ತೊಟ್ಟಿಯಲ್ಲಿ ಪೆಟ್ರೋಲು ಕಡಮೆಯಾಗಿದ್ದು ಏರು ಕಡಿದಾಗಿದ್ದರೆ ಎಂಜಿನ್ನು ನಿಂತುಹೋಗುವುದುಂಟು. ಅಂತಹ ಕಡೆ ಚಾಲಕರು ಕಾರನ್ನು ಹಿಮ್ಮುಖವಾಗಿ ಗುಡ್ಡ ಹತ್ತಿಸುತ್ತಿದ್ದರು. ಮುಂದೆ ಬಂದ ‘ಎ’ ಮಾದರಿಯಲ್ಲಿ ತೊಟ್ಟಿಯನ್ನು ಮುಂಗಾಜಿನ ಕೆಳಕ್ಕೆ, ಎಂಜಿನ್ನಿನ ಹಿಂಬದಿಗೆ, ಎತ್ತರಿಸಿ ಇರಿಸಲಾಯಿತು. ಅಲ್ಲಿಯೂ ಪಂಪಿನ ಅಗತ್ಯ ಬೀಳಲಿಲ್ಲ. ಒಂದು ಅಡಿ ಎತ್ತರದ ಪೆಟ್ರೋಲು ಚದರಂಗುಲಕ್ಕೆ ಸುಮಾರು ಮೂರನೆಯ ಒಂದು ಪೌಂಡಿನಷ್ಟು ಒತ್ತಡವನ್ನು ಮಾತ್ರ ಉಂಟುಮಾಡುತ್ತದೆ. ಇಷ್ಟು ಅಲ್ಪವಾದ ಒತ್ತಡವನ್ನು ತಡೆಯಲು ಸಾಧಾರಣವಾದ ಹಿತ್ತಾಳೆಯ ಫಿಟ್ಟಿಂಗೇ ಸಾಕಾಗಿತ್ತು.

1932ರಲ್ಲಿ ಫೋರ್ಡ್ ಸಂಸ್ಥೆಯು ಎಂಟು ಸಿಲಿಂಡರುಗಳ ‘ವಿ 8’ ಎಂಜಿನ್ನನ್ನು ಅಗ್ಗದ ಕಾರಿನಲ್ಲಿ ಅಳವಡಿಸಿತು. 221 ಘನ ಅಂಗುಲಗಳ ಈ ಎಂಜಿನ್ನು 65 ಅಶ್ವಶಕ್ತಿಯದು. ಈ ಕಾರಿನಲ್ಲಿ ತೊಟ್ಟಿಯು ಹಿಂಭಾಗದ ಕೆಳಕ್ಕೆ ಸರಿಯಿತು. ಆ ಕಾರಣ ಪೆಟ್ರೋಲನ್ನು ಮೇಲೆತ್ತುವ ಪಂಪು ಅನಿವಾರ್ಯವಾಯಿತು. ಎಂಜಿನ್ನಿನ ಮೇಲೆಯೇ ಕುಳಿತು ಕ್ಯಾಮ್ ದಂಡದ ಚಲನೆಯಿಂದ ನಡೆಯುವ ಈ ಪಂಪು ಚದರಂಗುಲಕ್ಕೆ ಕೆಲವೇ ಪೌಂಡುಗಳ ಒತ್ತಡವನ್ನು ಕೊಡುತ್ತಿತ್ತು. ಇದರ ಒಂದು ದೋಷವನ್ನು ಇಲ್ಲಿ ಗಮನಿಸಬೇಕು. ಪಂಪು ದೂರದ ತೊಟ್ಟಿಯಿಂದ ಪೆಟ್ರೋಲನ್ನು ಹೀರುವಾಗ ಕೊಳವೆಯೊಳಗಿನ ಒತ್ತಡ ಇಳಿಯುವುದು. ಒತ್ತಡ ಇಳಿದಂತೆ ಪೆಟ್ರೋಲು ಕಡಮೆ ಉಷ್ಣತೆಯಲ್ಲಿಯೇ ಕುದಿಯತೊಡಗುವುದು. ಎಂಜಿನ್ನಿನ ಬಿಸಿ ತಗಲುವ ಕಡೆ ಕೊಳವೆಯಲ್ಲಿ ಆವಿ ತುಂಬಿಕೊಂಡು ಪೆಟ್ರೋಲಿನ ಹರಿವು ಕಡಿದುಹೋಗುವುದು. ಸಡಿಲವಾದ ಫಿಟ್ಟಿಂಗು ಇದ್ದಲ್ಲಿ ಅದರ ಮೂಲಕ ಗಾಳಿಯೂ ಒಳಸೇರುವುದು. ಹೀರುವ ಬದಿಯಲ್ಲಿ ಇಂತಹ ಫಿಟ್ಟಿಂಗು ಹೊರಕ್ಕೆ ಸೋರದೆಯೂ ಎಂಜಿನ್ನನ್ನು ನಿಲ್ಲಿಸಬಲ್ಲುದು.

ಇದೇ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ಯುವಕರು ಹಳೆಯ ಫೋರ್ಡುಗಳ ಭಾರವನ್ನು ತಗ್ಗಿಸಿ, ಕಾರ್ಬುರೇಟರುಗಳ ಸಂಖ್ಯೆಯನ್ನು ಹೆಚ್ಚಿಸಿ, ಮ್ಯೂರಾಕ್ ಮೊದಲಾದ ಒಣ ಸರೋವರಗಳ ಗಟ್ಟಿ ನೆಲದ ಮೇಲೆ ವೇಗವನ್ನು ಪರೀಕ್ಷಿಸತೊಡಗಿದರು. 1937ರಲ್ಲಿ ಅವರ ಕ್ಲಬ್ಬುಗಳು ಸೇರಿ ಸದರ್ನ್ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ನನ್ನು ಸ್ಥಾಪಿಸಿದವು. ಒಂದು ಕಾರ್ಬುರೇಟರಿದ್ದ ಕಡೆ ಎರಡೋ ಮೂರೋ ಕುಳಿತಾಗ ಒಂದೇ ಪಂಪಿನಿಂದ ಹೊರಡುವ ಕೊಳವೆ ಕವಲೊಡೆಯಬೇಕಾಗುವುದು. ಕವಲು ಹೆಚ್ಚಿದಷ್ಟೂ ಫಿಟ್ಟಿಂಗುಗಳು ಹೆಚ್ಚುವುವು. ಅಷ್ಟರಮಟ್ಟಿಗೆ ಅಪಾಯವೂ ಹೆಚ್ಚುವುದು. ಇದಕ್ಕೆ ಪರಿಹಾರವು ಮೋಟಾರು ಉದ್ಯಮದಿಂದ ಬರಲಿಲ್ಲವೆಂಬುದು ಈ ಚರಿತ್ರೆಯ ಮುಖ್ಯಾಂಶ. ಅದು ಬಂದುದು ವಿಮಾನದಿಂದ.

ಅಮೆರಿಕದ ಕಾರುಗಳಲ್ಲಿ ಬಳಕೆಯಲ್ಲಿದ್ದ ಸಾಮಾನ್ಯ ವಿಧಾನದಲ್ಲಿ ಕೊಳವೆಯ ತುದಿಯನ್ನು ತುತ್ತೂರಿಯ ಬಾಯಿಯಂತೆ 45 ಅಂಶಗಳ ಓರೆಗೆ ಅಗಲಿಸಿ, ಅದನ್ನು ಅದೇ ಓರೆಯ ಶಂಕುವಿನ ಮೇಲೆ ನಟ್ಟಿನಿಂದ ಒತ್ತಿ ಹಿಡಿಯುತ್ತಿದ್ದರು. ವಿಮಾನದ ಕಂಪನಕ್ಕೂ ಅಧಿಕ ಒತ್ತಡಕ್ಕೂ ಹೊಂದುವಂತೆ ಎರಡನೆಯ ಮಹಾಯುದ್ಧದ ವೇಳೆಗೆ ಅಮೆರಿಕದ ಭೂಸೇನೆ ಮತ್ತು ನೌಕಾಸೇನೆಗಳು ಒಂದು ಸಮಾನ ಪ್ರಮಾಣವನ್ನು ಗೊತ್ತುಪಡಿಸಿದುವು. ಆರ್ಮಿ, ನೇವಿ ಎಂಬ ಎರಡು ಹೆಸರುಗಳ ಮೊದಲಕ್ಷರಗಳಿಂದ ಇದಕ್ಕೆ ‘ಎ ಎನ್’ ಎಂಬ ಹೆಸರು ಬಂದಿತು. ಇಲ್ಲಿ ಓರೆಯು 37 ಅಂಶ. ಅಳತೆಯ ಸಂಖ್ಯೆಯು ಕೊಳವೆಯ ಹೊರವ್ಯಾಸವನ್ನು ಅಂಗುಲದ ಹದಿನಾರನೆಯ ಭಾಗಗಳಲ್ಲಿ ಸೂಚಿಸುವುದು: 6 ಎಂದರೆ ಅಂಗುಲದ ಎಂಟರಲ್ಲಿ ಮೂರು ಭಾಗ, 8 ಎಂದರೆ ಅರ್ಧ ಅಂಗುಲ. ಅಲ್ಯೂಮಿನಿಯಮಿನಿಂದ ಮಾಡಿದವಕ್ಕೆ ನೀಲಿಯನ್ನೂ ಉಕ್ಕಿನವಕ್ಕೆ ಕಪ್ಪನ್ನೂ ಹಾಕುವುದು ವಾಡಿಕೆಯಾಯಿತು.

ಯುದ್ಧಕಾಲದಲ್ಲಿ ಲಾಸ್ ಏಂಜಲಿಸ್ ಪ್ರದೇಶವು ವಿಮಾನ ತಯಾರಿಕೆಯ ಮಹಾಕೇಂದ್ರವಾಗಿತ್ತು. 1945ರ ತರುವಾಯ ಸೇನೆಗೆ ಬೇಡವಾದ ಸಾಮಗ್ರಿ ಅಗ್ಗದ ಬೆಲೆಗೆ ಪೇಟೆಗೆ ಬಂದಿತು. 1946ರಲ್ಲಿ ಬಿಲ್ ಬರ್ಕ್ ಎಂಬಾತನು ಯುದ್ಧವಿಮಾನದ ಅಡಿಯಲ್ಲಿ ತೂಗುಹಾಕುವ ಪೆಟ್ರೋಲು ತೊಟ್ಟಿಯನ್ನೇ ಕಾರಿನ ಒಡಲನ್ನಾಗಿ ಮಾಡಿಕೊಂಡುದು ಈ ಬೆಳವಣಿಗೆಯ ಪ್ರಸಿದ್ಧ ನಿದರ್ಶನ. 1948ರಲ್ಲಿ ಸ್ಟೂಅರ್ಟ್ ಹಿಲ್‌ಬಾರ್ನನ ಕಾರು ಕಾರ್ಬುರೇಟರನ್ನೇ ತೊರೆದು, ಪಂಪಿನ ಬಲದಿಂದ ಇಂಧನವನ್ನು ಚಿಮ್ಮಿಸುವ ಉಪಕರಣದೊಡನೆ ಎಲ್ ಮಿರಾಜ್ ಒಣ ಸರೋವರದಲ್ಲಿ ಗಂಟೆಗೆ 150 ಮೈಲಿಗಳ ಮೇರೆಯನ್ನು ದಾಟಿತು. ಇಂಧನವನ್ನು ಒತ್ತಡದಲ್ಲಿ ಕೊಂಡೊಯ್ಯಬೇಕಾದ ಇಂತಹ ಕಾರಿಗೆ ವಿಮಾನದ ಪ್ರಮಾಣದ ಫಿಟ್ಟಿಂಗು ಒದಗಿಬಂದಿತು. ಯುದ್ಧದ ಪ್ರಮಾಣವು ಹೀಗೆ ಶಾಂತಿಕಾಲದ ವಿನೋದಕ್ಕೆ ಸಂದಿತು.

ಇಷ್ಟಕ್ಕೆ ಫಿಟ್ಟಿಂಗುಗಳ ಬದಲಾವಣೆ ನಿಲ್ಲಲಿಲ್ಲ. ಕಾರ್ಬುರೇಟರು ಚದರಂಗುಲಕ್ಕೆ ಆರೇಳು ಪೌಂಡುಗಳಿಗೆ ಮೀರಿದ ಒತ್ತಡವನ್ನು ಸಾಮಾನ್ಯವಾಗಿ ತಾಳದು. 1997ರಲ್ಲಿ ಷೆವ್ರೊಲೆ ಕಾರ್ವೆಟ್ಟಿನೊಡನೆ ಬಂದು, ಅನಂತರ ಅಸಂಖ್ಯಾತ ಹಳೆಯ ಕಾರುಗಳಿಗೆ ವರ್ಗವಾದ ‘ಎಲ್ ಎಸ್’ ಮಾದರಿಯ ಎಂಜಿನ್ನಾದರೋ ಸುಮಾರು 58 ಪೌಂಡುಗಳನ್ನು ಅಪೇಕ್ಷಿಸುವುದು. ಅದಕ್ಕಾಗಿ ವಿದ್ಯುತ್ ಪಂಪು ತೊಟ್ಟಿಯ ಬಳಿ ಅಥವಾ ಅದರ ಒಳಗೆ ಸೇರಿತು. ಹೀರುವ ಕ್ರಮ ಹೋಗಿ ತಳ್ಳುವ ಕ್ರಮ ಬಂದಿತು. ಇದರಿಂದ ಆವಿಯ ತೊಡಕು ಬಹುಮಟ್ಟಿಗೆ ನೀಗಿತಾದರೂ ಸೋರಿಕೆಯ ಸ್ವರೂಪವೇ ಬದಲಾಯಿತು. ಹಿಂದೆ ಹನಿಯಾಗಿ ತೊಟ್ಟಿಕ್ಕುತ್ತಿದ್ದುದು ಈಗ ಸಿಂಚನವಾಗಿ ಚಿಮ್ಮಿ, ಕಾದ ಲೋಹದ ಮೇಲೆ ಬಿದ್ದು ಹೊತ್ತಿಕೊಳ್ಳಬಹುದು.

ಎರಡು ಪ್ರಮಾಣಗಳ ಬೆರಕೆಯಿಂದಾಗುವ ಅಪಾಯವನ್ನು ಇಲ್ಲಿ ವಿಶೇಷವಾಗಿ ಹೇಳಬೇಕಾಗಿದೆ. ಅರ್ಧ ಅಂಗುಲದ ಕೊಳವೆಗೆ 45 ಅಂಶದ ಫಿಟ್ಟಿಂಗಿಗೂ 37 ಅಂಶದ ಫಿಟ್ಟಿಂಗಿಗೂ ತಿರುಪಿನ ಸುತ್ತು ಒಂದೇ: ವ್ಯಾಸ ಮುಕ್ಕಾಲು ಅಂಗುಲ, ಅಂಗುಲಕ್ಕೆ 16 ಸುತ್ತು. ಎಂಟರಲ್ಲಿ ಮೂರು ಅಂಗುಲದ ಕೊಳವೆಯಲ್ಲಾದರೆ ಎರಡರ ಸುತ್ತುಗಳೂ ಭಿನ್ನವಾಗಿರುವುದರಿಂದ ತಪ್ಪು ಕೂಡಲೇ ತಿಳಿಯುವುದು. ಅರ್ಧ ಅಂಗುಲದಲ್ಲಾದರೋ ನಟ್ಟು ಸಲೀಸಾಗಿ ಕೂಡಿಕೊಳ್ಳುವುದು. ನೋಟಕ್ಕೆ ಎಲ್ಲವೂ ಸರಿಯಾಗಿರುವುದು. ಆದರೆ ಓರೆಗಳು ಬೇರೆಯಾದ ಕಾರಣ ಮೈಗೆ ಮೈ ತಾಗದೆ ತೆಳುವಾದ ಒಂದು ಗೆರೆಯಲ್ಲಿ ಮಾತ್ರ ಸ್ಪರ್ಶವಿರುವುದು. ಈ ಬಗೆಯ ಫಿಟ್ಟಿಂಗಿನಲ್ಲಿ ಸೋರಿಕೆಯನ್ನು ತಡೆಯುವುದು ಶಂಕುವಿನ ಮೈಯೇ. ತಿರುಪಿನ ಸುತ್ತು ಅದನ್ನು ಬಿಗಿಹಿಡಿಯುವುದಷ್ಟೆ. ಆದುದರಿಂದ ಅಂತಹ ನಟ್ಟನ್ನು ಎಷ್ಟು ಬಿಗಿದರೂ ಫಲವಿಲ್ಲ. 1932ರ ಒತ್ತಡಕ್ಕೆ ಬಹುಶಃ ತಾಳಿಕೊಂಡೀತೆಂಬ ಈ ತಪ್ಪು 58 ಪೌಂಡುಗಳ ಒತ್ತಡದಲ್ಲಿ ಪ್ರಾಣಾಂತಿಕವಾಗಬಹುದು.

ಇಂಧನವೂ ಬದಲಾಗಿದೆ. ಪ್ರತಿಶತ 20 ಭಾಗ ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಎಥನಾಲ್ ನೀರನ್ನು ಹೀರಿಕೊಳ್ಳುವುದು. ಹಳೆಯ ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಬಲಗುಂದಿಸುವುದು. ಹೀಗಾಗಿ ಲೋಹದ ಫಿಟ್ಟಿಂಗಿನೊಡನೆ ಅದಕ್ಕೆ ಸೇರುವ ರಬ್ಬರು ನಳಿಗೆ, ಪಂಪಿನೊಳಗಿನ ಪೊರೆ ಇವುಗಳ ಪ್ರಶ್ನೆಯೂ ನಮ್ಮ ನಾಡಿನ ಹಳೆಯ ಕಾರುಗಳ ಒಡೆಯರಿಗೆ ಎದುರಾಗಿದೆ.

ಹೀಗಿರಲು ಚರಿತ್ರಕಾರನ ನಿಲುವು ಏನಾಗಿರಬೇಕು? ಮೂಲಭಾಗವನ್ನು ತೆಗೆದರೆ ಆಧಾರ ನಷ್ಟವಾಗುವುದು. ತೆಗೆಯದಿದ್ದರೆ ಕಾರನ್ನು ನಡೆಸುವವನ ಜೀವಕ್ಕೆ ಅಪಾಯ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನದು ಈ ವಿಷಯದಲ್ಲಿ ಮಾರ್ಗದರ್ಶಕವಾಗಿದೆ. ಸುರಕ್ಷತೆಗಾಗಿ ಮಾಡುವ ಬದಲಾವಣೆ ಮೂಲವನ್ನು ಆದಷ್ಟು ಕಡಮೆ ಕದಲಿಸಬೇಕು, ಸಾಧ್ಯವಾದಷ್ಟೂ ಹಿಂದಿನ ಸ್ಥಿತಿಗೆ ಮರಳಿಸಲು ಬರುವಂತಿರಬೇಕು, ಮಾಡಿದುದನ್ನು ದಾಖಲಿಸಬೇಕು ಎಂಬುದು ಅದರ ತಾತ್ಪರ್ಯ. ಫಿಟ್ಟಿಂಗಿನ ಮಟ್ಟಿಗೆ ಇದು ಸುಲಭಸಾಧ್ಯ. ಪಂಪಿನ ಮೈಯನ್ನು ಕೊರೆದು ಹಿಗ್ಗಿಸುವ ಬದಲು ನಡುವೆ ಒಂದು ಹೊಂದಾಣಿಕೆಯ ತುಂಡನ್ನು ಹಾಕಬಹುದು. ಕಳಚಿದ ಹಿತ್ತಾಳೆಯ ತುಂಡಿಗೆ ಚೀಟಿ ಕಟ್ಟಿ ಕಾರಿನ ಕಾಗದಪತ್ರಗಳೊಡನೆ ಇಡಬಹುದು.

ಸಂಶೋಧಕ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಶಾಸನದ ಕಾಲವನ್ನು ಅಕ್ಷರಗಳ ಆಕಾರದಿಂದ ಊಹಿಸುವಂತೆ ಮಾರ್ಪಾಟಿನ ಕಾಲವನ್ನು ಫಿಟ್ಟಿಂಗಿನ ಓರೆ, ಬಣ್ಣ, ತಿರುಪಿನ ಸುತ್ತು ಇವುಗಳಿಂದ ಊಹಿಸಬಹುದು. ಆದರೆ ಯುದ್ಧಕಾಲದ ಫಿಟ್ಟಿಂಗು ಎಷ್ಟೋ ವರ್ಷಗಳ ತರುವಾಯ ಕಾರನ್ನು ಸೇರಿರಬಹುದು. ಆ ಕಾರಣ ಅತ್ಯಂತ ಹೊಸದಾದ ಭಾಗಕ್ಕಿಂತ ಹಿಂದೆ ಆ ಜೋಡಣೆ ಆಗಿರಲಾರದು ಎಂದಷ್ಟೇ ನಿರ್ಧರಿಸುವುದು ಯುಕ್ತ. ಹಳೆಯದನ್ನು ಕಳಚಿದವನು ಕಳಚಿದ ದಿನವನ್ನೂ ಕಾರಣವನ್ನೂ ಬರೆದಿಟ್ಟಿದ್ದರೆ ಈ ಊಹೆಯ ಶ್ರಮವೇ ತಪ್ಪುತ್ತದೆ. ಆ ನಾಲ್ಕು ಸಾಲಿನ ಟಿಪ್ಪಣಿ ಮುಂದಿನ ಚರಿತ್ರಕಾರನಿಗೆ ದೊರೆಯಬಹುದಾದ ಅತ್ಯುತ್ತಮ ಆಧಾರ.