ಮಸಾಲೆ ಪುಡಿ ಕೆಟ್ಟಿದೆಯಾ, ಬರೀ ಘಮ ಹೋಗಿದೆಯಾ? ತಿಳಿಯೋದು ಹೀಗೆ

ಮಳೆಗಾಲ ಬಂದರೆ ಸಾಂಬಾರ್ ಪುಡಿ ಡಬ್ಬಿಯಲ್ಲಿ ಮುಗ್ಗಲು ವಾಸನೆ, ಖಾರದ ಪುಡಿಯಲ್ಲಿ ಗಂಟು. ಬಿಸಿಲಿಗೆ ಹಾಕಿಯೋ, ಬಾಣಲೆಯಲ್ಲಿ ಬೆಚ್ಚಗೆ ಮಾಡಿಯೋ ಮತ್ತೆ ಬಳಸುವವರೇ ಹೆಚ್ಚು. ಘಮ ಹೋದ ಪುಡಿಯಿಂದ ಅಪಾಯವಿಲ್ಲ, ರುಚಿ ಕಡಿಮೆ ಅಷ್ಟೇ. ಆದರೆ ಬೂಸ್ಟು ಬಂದ ಪುಡಿಯ ವಿಷಯ ಬೇರೆ.

ಬಿಸಿಲಿಗೆ ಹಾಕಿದರೂ ವಿಷ ಹೋಗಲ್ಲ

ಮೆಣಸಿನಕಾಯಿ, ಶೇಂಗಾದಂಥ ಪದಾರ್ಥಗಳು ತೇವ ಹಿಡಿದಾಗ ಕೆಲವು ಜಾತಿಯ ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಬಹುಕಾಲ ದೇಹ ಸೇರಿದರೆ ಇದು ಲಿವರ್ ಕ್ಯಾನ್ಸರ್‌ಗೂ ಕಾರಣವಾಗಬಲ್ಲದು. ಒಣಗಿಸಿದರೂ, ಹುರಿದರೂ, ಸಾರಿನಲ್ಲಿ ಕುದಿಸಿದರೂ ಪೂರ್ತಿ ನಾಶವಾಗುವುದಿಲ್ಲ. ಮೇಲಿನ ಪದರ ತೆಗೆದು ಕೆಳಗಿನದು ಬಳಸುವುದೂ ಬೇಡ. ಇಡೀ ಡಬ್ಬಿ ಚೆಲ್ಲಿ.

ಗುರುತಿಸುವುದು ಹೇಗೆ?

- ಬಣ್ಣ ಮಾಸಿದೆ, ಬೆರಳಲ್ಲಿ ಉಜ್ಜಿದರೂ ಘಮ ಇಲ್ಲ: ಹಳತಾಗಿದೆ, ಕೆಟ್ಟಿಲ್ಲ. ಬಳಸಬಹುದು.
- ಮುಟ್ಟಿದರೆ ಪುಡಿಯಾಗುವ ಗಂಟು, ಬೇರೆ ವಾಸನೆ ಇಲ್ಲ: ಸ್ವಲ್ಪ ತೇವ ತಗುಲಿದೆ. ಬೇಗ ಖರ್ಚು ಮಾಡಿ.
- ಬಿಳಿ, ಹಸಿರು ಅಥವಾ ಕಪ್ಪು ಬೂಸ್ಟು, ಮುಗ್ಗಲು ವಾಸನೆ, ಹುಳು, ಎಳೆ ಎಳೆಯಾದ ಬಲೆ: ಚೆಲ್ಲಿ.
- ಹಳೇ ಎಣ್ಣೆಯಂಥ ಕಮಟು ವಾಸನೆ, ಕಹಿ ರುಚಿ: ಕೊಬ್ಬರಿ, ಎಳ್ಳು, ಶೇಂಗಾ ಹಾಕಿದ ಪುಡಿಗಳಲ್ಲಿ ಇದು ಬೇಗ ಬರುತ್ತದೆ. ಇದನ್ನೂ ಬಳಸಬೇಡಿ.

ಇಡುವುದು ಹೇಗೆ?

ಹುರಿದ ಸಾಮಾನು ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಮಿಲ್ಲಿನಿಂದ ತಂದ ಪುಡಿ ಬಿಸಿಯಾಗಿರುತ್ತೆ, ಅದನ್ನೂ ಆರಿಸಿಯೇ ತುಂಬಿ. ಒಲೆ ಪಕ್ಕ, ಕಿಟಕಿ ಬಿಸಿಲಿಗೆ ಡಬ್ಬಿ ಬೇಡ. ಕುದಿಯುವ ಪಾತ್ರೆ ಮೇಲೆ ಡಬ್ಬಿ ಹಿಡಿದು ಉದುರಿಸಿದರೆ ಹಬೆ ಒಳಗೆ ಹೋಗುತ್ತದೆ. ಒಣ ಚಮಚದಲ್ಲೇ ತೆಗೆಯಿರಿ. ದೊಡ್ಡ ಡಬ್ಬಿಯನ್ನು ಮುಚ್ಚಿಟ್ಟು, ವಾರಕ್ಕೆ ಬೇಕಾದಷ್ಟನ್ನು ಮಾತ್ರ ಚಿಕ್ಕದಕ್ಕೆ ಹಾಕಿಕೊಂಡರೆ ಒಳ್ಳೇದು. ಕೊಬ್ಬರಿ ಹಾಕಿದ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಮಾಡಿಕೊಂಡು ಫ್ರಿಜ್‌ನಲ್ಲಿಡಿ.

ಹಸಿ ಮಸಾಲೆಗೆ ಗಂಟೆ ಲೆಕ್ಕ

ಮಸಾಲೆ ಹಚ್ಚಿದ ಕೋಳಿ, ಮೀನನ್ನು ಹೊರಗೆ 2 ಗಂಟೆಗಿಂತ ಹೆಚ್ಚು ಇಡಬಾರದು. ಉಪ್ಪು, ಮೊಸರು, ನಿಂಬೆಹುಳಿ ಇದ್ದರೂ ರೋಗಾಣು ಸಾಯುವುದಿಲ್ಲ. ಫ್ರಿಜ್‌ನಲ್ಲಿಟ್ಟರೂ 1ರಿಂದ 2 ದಿನದೊಳಗೆ ಬೇಯಿಸಿ. ಕರೆಂಟ್ ಹೋದಾಗ ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿಯುತ್ತದೆ. ಅದಕ್ಕಿಂತ ಹೆಚ್ಚಾದರೆ ವಾಸನೆ ಸರಿಯಿದ್ದರೂ ನಂಬಬೇಡಿ.

ಕಬಾಬ್ ಅಂಗಡಿಯವರು ಗಮನಿಸಬೇಕಾದ್ದು: ಹಸಿ ಮಾಂಸ ಅದ್ದಿದ ಮಸಾಲೆಯನ್ನು ಮರುದಿನದ ಹೊಸ ಮಾಂಸಕ್ಕೆ ಬೆರೆಸಬೇಡಿ. ಎಣ್ಣೆಯಲ್ಲಿ ಮುಳುಗಿಸಿದ ಹಸಿ ಬೆಳ್ಳುಳ್ಳಿಯನ್ನು ದಿನಗಟ್ಟಲೆ ಹೊರಗಿಡುವುದೂ ಅಪಾಯ. ಬಣ್ಣ, ವಾಸನೆ ಬದಲಾಗದೆಯೂ ಬೊಟುಲಿಸಂ ಕಾಯಿಲೆ ತರುವ ವಿಷ ಅದರಲ್ಲಿ ಹುಟ್ಟಬಹುದು.

ಅಂಗಡಿಯವರಿಗೆ

ಆಹಾರ ಸುರಕ್ಷತಾ ನಿಯಮದ ಪ್ರಕಾರ ಪುಡಿ ಮಾಡಿದ ಮಸಾಲೆಯನ್ನು ಪ್ಯಾಕ್ ಮಾಡಿಯೇ ಮಾರಬೇಕು, ಬಿಡಿಯಾಗಿ ಅಲ್ಲ. ಪ್ಯಾಕೆಟ್ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ದಿನಾಂಕ ಇದೆಯಾ ನೋಡಿಕೊಂಡು ಸರಕು ಇಳಿಸಿಕೊಳ್ಳಿ. ಚೀಲಗಳನ್ನು ಹಲಗೆ ಮೇಲೆ, ಗೋಡೆಗೆ ತಾಗದಂತೆ ಇಡಿ. ಮೊದಲು ಬಂದದ್ದು ಮೊದಲು ಹೋಗಲಿ. ಅವಧಿ ಮುಗಿದದ್ದನ್ನು ರ‍್ಯಾಕ್‌ನಿಂದ ತೆಗೆದುಬಿಡಿ.

ಮನೆಯಲ್ಲಿ ಮಾಡಿದ ಪುಡಿಗೆ ಯಾರೂ ದಿನಾಂಕ ಹಾಕಿ ಕೊಡುವುದಿಲ್ಲ. ಡಬ್ಬಿ ಮೇಲೆ ಒಂದು ಚೀಟಿ ಅಂಟಿಸಿ, ಪುಡಿ ಮಾಡಿದ ದಿನ ಬರೆದಿಡಿ.