ಕೆಂಡದ ಮೂಲದ ಇಂಗಾಲ

ಇಂಗಾಲ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ದಾಟಿ ಪಿಯು ವಿಜ್ಞಾನಕ್ಕೆ ಬಂದವರಿಗೆ ಹೈಡ್ರೋಕಾರ್ಬನ್ ಪಾಠದ ಹೊತ್ತಿಗೆ ‘ಇಂಗಾಲ’ ಕೈಬಿಟ್ಟುಹೋಗಿ, ‘ಕಾರ್ಬೊಕ್ಯಾಟಯಾನ್’ ಬಂದು ಕೂತಿರುತ್ತದೆ. ಇಂಗಾಲವೆಂದರೆ ಇದ್ದಿಲು ಎಂದುಕೊಂಡವರೇ ಹೆಚ್ಚು. ಮೂಲದಲ್ಲಿ ಅದು ನಿಗಿನಿಗಿ ಕೆಂಡ. ಸಂಸ್ಕೃತದ ‘ಅಂಗಾರ’ ಪ್ರಾಕೃತದಲ್ಲಿ ‘ಇಂಗಾಲ’ವಾಯಿತು; ಹಳೆಯ ಕಾವ್ಯದ ಕನ್ನಡದಲ್ಲಿ ‘ಇಂಗಳ’. ಉರಿಗಣ್ಣಿನ ಶಿವ ಹಾಗಾಗಿಯೇ ಇಂಗಳಗಣ್ಣ. ಕೆಂಪು ಗ್ರಹ ಅಂಗಾರಕ. ಗಡಿಯಾಚೆಯ ಮರಾಠಿಯಲ್ಲಿ ‘ಇಂಗಳ’ ಇಂದಿಗೂ ಕೆಂಡವೇ. ಅದೇ ಮರಾಠಿಯಲ್ಲಿ ‘ಇಂಗಳಿ’ ಅಂದರೆ ದೊಡ್ಡ ಚೇಳು. ಕುಟುಕಿಸಿಕೊಂಡವರಿಗೆ ವಿವರಣೆ ಬೇಕಿಲ್ಲ. ಲ್ಯಾಟಿನ್ನಿನ ‘ಕಾರ್ಬೊ’ ಅಂದರೆ ಮಾತ್ರ ಇದ್ದಿಲು. 18ನೇ ಶತಮಾನದ ಕೊನೆಗೆ ಫ್ರೆಂಚ್ ರಸಾಯನಜ್ಞರು ಅದರಿಂದ ಧಾತುವಿಗೆ ಹೆಸರಿಟ್ಟರು.

ಹೈಡ್ರೋಕಾರ್ಬನ್ ಪಾಠಕ್ಕೇ ಮರಳಿದರೆ, ಪ್ರೊಪೀನಿಗೆ ಹೈಡ್ರೋಜನ್ ಬ್ರೋಮೈಡ್ ಸೇರಿದಾಗ ಜಲಜನಕ ತುದಿಯ ಇಂಗಾಲಕ್ಕೆ, ಬ್ರೋಮಿನ್ ನಡುವಿನದಕ್ಕೆ. ಕಾರಣ, ಕಾರ್ಬೊಕ್ಯಾಟಯಾನ್ ತನ್ನ ಧನಾವೇಶ ನಡುವಿನ ಇಂಗಾಲದ ಮೇಲಿದ್ದರೆ ಹೆಚ್ಚು ಸ್ಥಿರ. ಪೆರಾಕ್ಸೈಡ್ ಬಿದ್ದರೆ ದಾರಿಯೇ ಬೇರೆ, ಬ್ರೋಮಿನ್ ತುದಿಗೆ. ಇಷ್ಟನ್ನು ಇಂಗಾಲದಲ್ಲೇ ಆರಾಮಾಗಿ ಹೇಳಬಹುದು. ಹಾಗಂತ ‘ಇಂಗಾಲ ಧನಾಯಾನು’ ಎಂದು ಹೊಸೆಯುವುದು ಬೇಡ. ಕ್ಯಾಟಯಾನ್ ಇರಲಿ, ಪರೀಕ್ಷೆಯಲ್ಲೂ ಅದನ್ನೇ ಕೇಳುತ್ತಾರೆ.