ಮಲ್ಲಾಪುರದ ಅಕ್ಷರ, ಪಿಕ್ಸೆಲ್ಲಿನ ಲೆಕ್ಕ

ಕಾಡು ಮಲ್ಲೇಶ್ವರನಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟ ಏಕೋಜಿಯ ಶಾಸನ 1669ರದು. ಬಿ. ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಅಚ್ಚು ಹಾಕಿಸಿದ ಕಾಲಕ್ಕೆ ಓದುಗನ ಆಸರೆ ಒದ್ದೆ ಕಾಗದ, ಮಸಿಯ ಪಡಿಯಚ್ಚು. ಶಾಸನಕ್ಕೆ ಮುನ್ನೂರು ತುಂಬಿದ 1969ರಲ್ಲಿ (ಕಾಕತಾಳೀಯ ಅಷ್ಟೇ) ಬೆಲ್ ಲ್ಯಾಬ್ಸ್‌ನಲ್ಲಿ ಬಾಯ್ಲ್ ಮತ್ತು ಸ್ಮಿತ್ ಸಿಸಿಡಿ ರೂಪಿಸಿದರು. ಕೊಡಾಕ್‌ನ 1975ರ ಡಿಜಿಟಲ್ ಕ್ಯಾಮೆರಾದಲ್ಲಿದ್ದದ್ದು 10,000 ಪಿಕ್ಸೆಲ್. ನಾನು ಕ್ಷೇತ್ರಕಾರ್ಯಕ್ಕೆ ಹೊರುವುದರಲ್ಲಿ 2.4 ಕೋಟಿ. ಆದರೂ ನೆತ್ತಿ ಬಿಸಿಲಲ್ಲಿ ಸವೆದ ಅಕ್ಷರ ಮೂಡುವುದಿಲ್ಲ. ಗೀರಿನಲ್ಲಿ ನೆರಳಿಲ್ಲದಿದ್ದರೆ ಸೆನ್ಸರ್ ಎಣಿಸುವುದಾದರೂ ಏನನ್ನು? ಮೆಗಾಪಿಕ್ಸೆಲ್ ಮೋಹಕ್ಕಿಂತ ಸಂಜೆಯ ಓರೆ ಬೆಳಕು ಮೇಲು. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿರುವುದು ನನಗೆ ಮುಖ್ಯವೆನಿಸುವುದು ಇದಕ್ಕೇ: ಆಳವೇ ದಾಖಲಾದರೆ ನೆರಳನ್ನು ಆಮೇಲೆ ಬೇಕಾದ ಕಡೆಯಿಂದ ಬೀಳಿಸಬಹುದು. ರೈಸ್ ದಾಖಲಿಸಿದ ಎಷ್ಟೋ ಕಲ್ಲುಗಳು ರಸ್ತೆ, ಬಡಾವಣೆಗಳ ನಡುವೆ ಕಾಣೆಯಾಗಿವೆ. ಅವುಗಳದ್ದು ಈಗ ಮುದ್ರಿತ ಪಾಠ ಮಾತ್ರ.